ಐದು, ಏಳು, ಒಂಬತ್ತರ ಕೋಣೆ

ಸೌದೆ, ತೆಂಗಿನಕಾಯಿ ಮತ್ತು ನಾನು ಎಸೆಯಲು ಒಪ್ಪದ ಹಳೆಯ ಸಾಮಾನುಗಳಿಗಾಗಿ ಹಿತ್ತಲಿನಲ್ಲಿ 10 ಅಡಿ ಉದ್ದದ ಕೋಣೆಯೊಂದನ್ನು ಕಟ್ಟಿಸುವುದೆಂದು ತೀರ್ಮಾನವಾದಾಗ ಮೇಸ್ತ್ರಿ ಯುಗಾದಿಗೆಂದು ಊರಿಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಪಾಯ ಅಗೆಸಿಬಿಟ್ಟರೆ ಎರಡು ದಿನದ ಕೂಲಿ ಉಳಿಯುತ್ತದೆಂದು ನಾನೇ ಟೇಪು ಹಿಡಿದು ಇಳಿದೆ. ಲಂಬಕೋನ ನೋಡುವ ಮೂಲೆಮಟ್ಟ ಅವರ ಚೀಲದಲ್ಲೇ ಊರಿಗೆ ಹೋಗಿತ್ತು. ಹೋದರೆ ಹೋಗಲಿ, ಹತ್ತನೆಯ ತರಗತಿಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯದ ವಿಲೋಮ ನನ್ನ ತಲೆಯಲ್ಲೇ ಇತ್ತು: ತ್ರಿಭುಜದ ಎರಡು ಬದಿಗಳ ವರ್ಗಗಳನ್ನು ಕೂಡಿದಾಗ ಅತಿ ಉದ್ದದ ಬದಿಯ ವರ್ಗ ಬಂದರೆ, ಆ ಬದಿಯ ಎದುರಿನ ಕೋನ ಲಂಬಕೋನ. ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ರೇಖಾಗಣಿತದ ಗ್ರಂಥದ ಮೊದಲ ಭಾಗದಲ್ಲಿ ಪ್ರಮೇಯವನ್ನು 47ನೆಯದಾಗಿಯೂ ಈ ವಿಲೋಮವನ್ನು 48ನೆಯದಾಗಿಯೂ ಇಟ್ಟು, ಅಲ್ಲಿಗೆ ಆ ಭಾಗವನ್ನೇ ಮುಗಿಸಿದ್ದಾನೆ ಎಂಬುದನ್ನು ಅಗೆಯಲು ಬಂದ ಆಳಿಗೂ ವಿವರಿಸಿದೆ. ಅವನು ಬೀಡಿ ಹಚ್ಚಿದ.

ಗೂಟದಿಂದ ಒಂದು ಕಡೆಗೆ 3 ಅಡಿ, ಇನ್ನೊಂದು ಕಡೆಗೆ 4 ಅಡಿ, ಎರಡರ ತುದಿಗಳ ನಡುವೆ 5 ಅಡಿ. 9ಕ್ಕೆ 16 ಸೇರಿದರೆ 25. ದಾರ ಬಿಗಿದು, ಸುಣ್ಣದ ಪುಡಿ ಉದುರಿಸಿ, ಸಂಜೆಯೊಳಗೆ ಅಗೆಸಿಯೂ ಆಯಿತು.

ಮರಳಿ ಬಂದ ಮೇಸ್ತ್ರಿ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ ನೋಡಿ, "ಸಾರ್, ಗೋಡೆ ಪಕ್ಕದ ಮನೆಯವರ ಬಚ್ಚಲು ನೋಡೋಕೆ ಹೊರಟಂಗಿದೆ" ಎಂದರು. ನಾನು ಮೂರು, ನಾಲ್ಕು, ಐದು ಎಂದೆ. ಅವರು ಮಾತಾಡದೆ ಟೇಪಿನ ತುದಿಯನ್ನು ನನ್ನ ಮುಂದೆ ಹಿಡಿದರು. ಮೊದಲ 6 ಇಂಚು ಇರಲೇ ಇಲ್ಲ. ಆ ತುಂಡು ವರ್ಷದಿಂದ ದಾಸವಾಳದ ಗಿಡವನ್ನು ಕೋಲಿಗೆ ಕಟ್ಟಿಕೊಂಡು ನಿಂತಿತ್ತು. ಕತ್ತರಿಸಿದವರು ಯಾರೆಂದು ಹೇಳಿ ಮನೆಯ ಶಾಂತಿ ಕೆಡಿಸಲಾರೆ.

ಆದರೂ ನಾನು ಸೋಲೊಪ್ಪಲಿಲ್ಲ. ಮೂರೂ ಬದಿಗಳಿಗೆ ಸಮನಾಗಿ ಅರ್ಧ ಅಡಿ ಕಡಿಮೆಯಾಗಿದೆ, ಯಾರಿಗೂ ಪಕ್ಷಪಾತವಾಗಿಲ್ಲ, ಕೋನವೇಕೆ ಮುನಿಸಿಕೊಳ್ಳಬೇಕು ಎಂದು ವಾದಿಸುತ್ತ ಖಾಲಿ ಸಿಮೆಂಟ್ ಚೀಲದ ಮೇಲೆ ಲೆಕ್ಕ ಬರೆದೆ. ಎರಡೂವರೆ, ಮೂರೂವರೆ, ನಾಲ್ಕೂವರೆ. ಅಂದರೆ ಅರ್ಧ ಅಡಿಗಳಲ್ಲಿ 5, 7, 9. 25ಕ್ಕೆ 49 ಸೇರಿದರೆ 74, ಆದರೆ 9ರ ವರ್ಗ 81. ಉದ್ದದ ಬದಿಯ ವರ್ಗ ಹೀಗೆ ಮಿಕ್ಕಿದರೆ ಕೋನ 90 ಡಿಗ್ರಿಗಿಂತ ಅಗಲವಾಗುತ್ತದೆ. ನನ್ನದು ಸುಮಾರು 96 ಡಿಗ್ರಿಗೆ ಬಾಯಿ ತೆರೆದು ಆಕಳಿಸುತ್ತಿತ್ತು. 10 ಅಡಿ ಹೋಗುವಷ್ಟರಲ್ಲಿ ಗೋಡೆ ಒಂದು ಅಡಿ ಆಚೆಗೆ ಸರಿದಿತ್ತು.

ಮೂರೂ ಬದಿಗಳಿಂದ ಸಮನಾಗಿ ಕಳೆಯುವ ಬದಲು ಒಂದೇ ಸಂಖ್ಯೆಯಿಂದ ಗುಣಿಸಿದ್ದರೆ ಕೋನಕ್ಕೆ ಏನೂ ಆಗುತ್ತಿರಲಿಲ್ಲ. ಯಜ್ಞವೇದಿಗಳನ್ನು ಅಳೆದು ಕಟ್ಟುವ ಬಗೆ ಹೇಳುವ ಪ್ರಾಚೀನ ಗ್ರಂಥವಾದ ಬೌಧಾಯನ ಶುಲ್ಬಸೂತ್ರದ ಬದಿಗಳ ಪಟ್ಟಿಯಲ್ಲಿ 12 ಮತ್ತು 5ರ ಜೋಡಿಯೂ ಇದೆ, ಅದನ್ನೇ ಮೂರರಿಂದ ಗುಣಿಸಿದ 15 ಮತ್ತು 36ರ ಜೋಡಿಯೂ ಇದೆ. "ಮೂವತ್ತು ನಲವತ್ತರ ಸೈಟಿಗೆ ಮೂಲೆಯಿಂದ ಮೂಲೆಗೆ ಐವತ್ತು ಬರಲೇಬೇಕು ಸಾರ್" ಎಂದು ಮೇಸ್ತ್ರಿ ಹೇಳಿದ್ದೂ ಅದನ್ನೇ, ಯೂಕ್ಲಿಡ್‌ನ ಹಂಗಿಲ್ಲದೆ. ಆಮೇಲೆ ಅದೇ ಹರಿದ ಟೇಪಿನ 1 ಅಡಿಯ ಗುರುತನ್ನು ಗೂಟಕ್ಕೆ ಒತ್ತಿ ಹಿಡಿಯುವ ಕೆಲಸವನ್ನು ನನಗೆ ಕೊಟ್ಟು, ತಾವು 4, 5, 6ರ ಗುರುತುಗಳಲ್ಲಿ ಓದಿಕೊಂಡು ಹತ್ತು ನಿಮಿಷದಲ್ಲಿ ಮೂಲೆ ಕೂರಿಸಿದರು.

ನನ್ನ ಹಳೆಯ ಪಾಯಕ್ಕೂ ಹೊಸ ಗೋಡೆಗೂ ನಡುವೆ ಉಳಿದ ಉದ್ದನೆಯ ತ್ರಿಕೋನದಲ್ಲಿ ಹೆಂಡತಿ ಬಸಳೆ ಹಾಕಿದ್ದಾಳೆ. ಅದು ಯಾವ ಜಾತಿಯ ತ್ರಿಭುಜವೆಂದು ಅಳೆಯೋಣವೆಂದರೆ ಟೇಪು ಕೊಡುತ್ತಿಲ್ಲ.