ಅಡುಗೆಮನೆಯ ಅಳತೆಯನ್ನು ಯಾರನ್ನು ನಿಲ್ಲಿಸಿ ತೆಗೆಯಬೇಕು?

ನಿನ್ನೆ ಮಧ್ಯಾಹ್ನ ಕುವೆಂಪುನಗರದಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಮಗ, ಸೊಸೆ ಸೇರಿ ಹಳೆಯ ಅಡುಗೆಮನೆಯನ್ನು ಪೂರ್ತಿ ಕೆಡವಿಸಿ ಮಾಡ್ಯುಲರ್ ಕಿಚನ್, ಅಂದರೆ ಸಿದ್ಧ ಪೆಟ್ಟಿಗೆಗಳನ್ನು ಜೋಡಿಸುವ ಅಡುಗೆಮನೆ, ಮಾಡಿಸಿದ್ದಾರೆ. ಖರ್ಚಿಗೆ ಹಿಂದೆಮುಂದೆ ನೋಡಿಲ್ಲವೆಂಬುದು ಒಳಗೆ ಕಾಲಿಟ್ಟ ಕೂಡಲೇ ತಿಳಿಯುತ್ತದೆ. ಮುಖ ಕಾಣುವಷ್ಟು ಹೊಳೆಯುವ ಅಕ್ರಿಲಿಕ್ ಬಾಗಿಲುಗಳು, ಸದ್ದಿಲ್ಲದೆ ಮುಚ್ಚಿಕೊಳ್ಳುವ ಡ್ರಾಯರುಗಳು, ಬಿಳಿ ಕ್ವಾರ್ಟ್ಜ್ ಹಾಸಿದ ಕಟ್ಟೆ, ಗೋಡೆಯ ಉದ್ದಕ್ಕೂ ದೀಪ. ಅವೆಲ್ಲದರ ನಡುವೆ, ಐದಡಿ ಎತ್ತರದ ನಮ್ಮ ಚಿಕ್ಕಮ್ಮ ಊಟಕ್ಕೆ ಕೂರುವ ಮಣೆಯನ್ನು ನೆಲಕ್ಕೆ ಹಾಕಿಕೊಂಡು, ಅದರ ಮೇಲೆ ನಿಂತು ಹುಳಿಗೆ ಸೌಟು ಆಡಿಸುತ್ತಿದ್ದರು. ಆ ನೋಟ ಕಂಡಾಗಿನಿಂದ ನನಗೆ ಬಂದಿರುವ ಸಿಟ್ಟು ಇನ್ನೂ ಇಳಿದಿಲ್ಲ.

ಟೇಪು ಕೇಳಿ ಪಡೆದು ಅಳೆದು ನೋಡಿದೆ. ಕಟ್ಟೆಯ ಎತ್ತರ 36 ಇಂಚು. ಅದರ ಮೇಲೆ ಗ್ಯಾಸ್ ಒಲೆ ಸುಮಾರು 5 ಇಂಚು, ಒಲೆಯ ಮೇಲೆ ಹುಳಿಯ ಪಾತ್ರೆ 8 ಇಂಚು. ಅಂದರೆ ಪಾತ್ರೆಯ ಬಾಯಿ ನೆಲದಿಂದ 49 ಇಂಚು ಮೇಲಿದೆ. ಐದಡಿ ಎತ್ತರದ ಹೆಂಗಸಿನ ಭುಜವೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿರುತ್ತದೆ. ಭುಜದ ಮಟ್ಟಕ್ಕೆ ಕೈಯೆತ್ತಿ, ಕುದಿಯುವ ಪಾತ್ರೆಯೊಳಗೆ ಬಗ್ಗಿ ನೋಡಲೂ ಆಗದೆ, ದಿನಕ್ಕೆ ಎರಡು ಹೊತ್ತು ಅಡುಗೆ ಮಾಡುವುದನ್ನು ಆಕೆಯಿಂದ ನಿರೀಕ್ಷಿಸಲಾಗಿದೆ. ನಿಂತು ಕೆಲಸ ಮಾಡುವ ಕಟ್ಟೆಯು ಮಡಿಸಿದ ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗಿರಬೇಕು ಎಂಬುದು ಈ ಕೆಲಸ ಬಲ್ಲವರು ಸಾಮಾನ್ಯವಾಗಿ ಹೇಳುವ ಲೆಕ್ಕ. ಚಿಕ್ಕಮ್ಮನ ಎತ್ತರದವರಿಗೆ ಅದು 32 ಇಂಚಿನ ಆಸುಪಾಸಿಗೆ ಬರುತ್ತದೆ. ಒಲೆ ಇಡುವ ಭಾಗ ಅದಕ್ಕಿಂತಲೂ ತುಸು ತಗ್ಗಿದ್ದರೆ ಇನ್ನೂ ಒಳ್ಳೆಯದು. ಸಿಂಕಿನದು ಇದಕ್ಕೆ ತದ್ವಿರುದ್ಧ. ಪಾತ್ರೆ ತೊಳೆಯುವ ಕೈ ಆಡುವುದು ಕಟ್ಟೆಯ ಮಟ್ಟಕ್ಕಿಂತ ಎಂಟೊಂಬತ್ತು ಇಂಚು ಕೆಳಗೆ, ಸಿಂಕಿನ ತಳದಲ್ಲಿ; ಆದ್ದರಿಂದ ಆ ಭಾಗ ಒಲೆಯ ಭಾಗಕ್ಕಿಂತ ಎತ್ತರವಿರಬೇಕು. ಎರಡನ್ನೂ ಒಂದೇ ಗೆರೆಯಲ್ಲಿ ಎಳೆದುಬಿಟ್ಟರೆ ನೋಡಲು ಚೆನ್ನಾಗಿರುತ್ತದೆ, ಭುಜವೂ ಸೊಂಟವೂ ಒಟ್ಟಿಗೆ ನೋಯುತ್ತವೆ.

"ಡಿಸೈನರ್ ಕೊಟ್ಟಿದ್ದೇ ಸ್ಟ್ಯಾಂಡರ್ಡ್ ಅಳತೆ ಅಕ್ಕಾ, ಕಾರ್ಖಾನೆಯಿಂದ ಹಾಗೆಯೇ ಬರುತ್ತದೆ" ಎಂದು ಚಿಕ್ಕಮ್ಮನ ಮಗ, ಅಂದರೆ ನನ್ನ ತಮ್ಮ, ಹೇಳಿದ. ಈ ಮಾತನ್ನು ನಾನು ಒಪ್ಪುವುದಿಲ್ಲ. ಕಟ್ಟೆಯ ಕೆಳಗಿನ ಪೆಟ್ಟಿಗೆಗಳು ಸಾಮಾನ್ಯವಾಗಿ 720 ಮಿಲಿಮೀಟರ್ ಎತ್ತರದವಾಗಿ ಬರುತ್ತವೆ ಎಂಬುದು ನಿಜ. ಆದರೆ ಅವು ನಿಂತಿರುವುದು ಪ್ಲಾಸ್ಟಿಕ್ ಕಾಲುಗಳ ಮೇಲೆ. ಆ ಕಾಲುಗಳು 100 ಮಿಲಿಮೀಟರಿನವೂ ಸಿಗುತ್ತವೆ, 150ರವೂ ಸಿಗುತ್ತವೆ; ತಿರುಗಿಸಿ ಹೆಚ್ಚುಕಡಿಮೆ ಮಾಡಲೂ ಬರುತ್ತದೆ. ಕಾಲಿನ ಮುಂದೆ ಅಂಟಿಸುವ ಸ್ಕರ್ಟಿಂಗ್ ಪಟ್ಟಿಯನ್ನು ಅದಕ್ಕೆ ತಕ್ಕಂತೆ ಕತ್ತರಿಸಿದರೆ ಮುಗಿಯಿತು. ಹಲಗೆ ತಂದು ಮನೆಯಲ್ಲೇ ಮಾಡುವ ಬಡಗಿಗಂತೂ ಯಾವ ಅಳತೆಯಾದರೂ ಒಂದೇ. ಕನಿಷ್ಠ ಎರಡು ಇಂಚಾದರೂ ಇಳಿಸುವುದಕ್ಕೆ ಕಾರ್ಖಾನೆ ಅಡ್ಡಬರಲಿಲ್ಲ. ಆ ಎರಡು ಇಂಚು ಬೇಕೇ ಎಂದು ಚಿಕ್ಕಮ್ಮನನ್ನು ಯಾರೂ ಕೇಳಲಿಲ್ಲ.

ಹಾಗಾದರೆ ಅವರನ್ನು ಏನು ಕೇಳಿದರು? ವಿಚಾರಿಸಿದೆ. ಲ್ಯಾಮಿನೇಟ್ ಮಾದರಿಗಳ ಗೊಂಚಲನ್ನು ಕೈಗೆ ಕೊಟ್ಟು ಬಣ್ಣ ಆರಿಸಲು ಹೇಳಿದರಂತೆ. ಒಂದು ಜೀವಮಾನವಿಡೀ ಅಡುಗೆ ಮಾಡಿದ ಹೆಂಗಸಿನ ತಿಳಿವಳಿಕೆಯಲ್ಲಿ ಅವರಿಗೆ ಬೇಕಾಗಿದ್ದು ಬಣ್ಣ ಮಾತ್ರ.

ಕೇಳದೆ ಹೋದುದರ ಗುರುತುಗಳು ಆ ಕೋಣೆಯ ತುಂಬ ಇವೆ. ಹಳೆಯ ಅಡುಗೆಮನೆಗೆ ಪೂರ್ವಕ್ಕೊಂದು ಕಿಟಕಿಯಿತ್ತು. ಒಗ್ಗರಣೆಯ ಘಾಟು ಅಲ್ಲಿಂದಲೇ ಹೊರಹೋಗುತ್ತಿತ್ತು. ಈಗ ಆ ಜಾಗದಲ್ಲಿ ಸೂರಿನವರೆಗೆ ಹೋಗುವ ಉದ್ದದ ಕಪಾಟು ನಿಂತಿದೆ. ಅದಕ್ಕೆ ಬದಲಾಗಿ ಚಿಮಣಿ ಹಾಕಿಸಿದ್ದಾರೆ. ಆದರೆ ಹೊರಗೋಡೆಗೆ ತೂತು ಬೀಳಬಾರದೆಂದು ಕೊಳವೆಯಿಲ್ಲದ ಚಿಮಣಿಯನ್ನು ಆರಿಸಿದ್ದಾರೆ. ಅದು ಹೊಗೆಯನ್ನು ಇದ್ದಿಲಿನ ಫಿಲ್ಟರಿನ ಮೂಲಕ ಹಾಯಿಸಿ ಗಾಳಿಯನ್ನು ಮತ್ತೆ ಅದೇ ಕೋಣೆಗೆ ಬಿಡುತ್ತದೆ. ಬಿಸಿಯೂ ಹಬೆಯೂ ಎಲ್ಲಿಗೂ ಹೋಗುವುದಿಲ್ಲ. ಬ್ಯಾಡಗಿ ಮೆಣಸು, ಇಂಗು, ಸಾಸಿವೆಗಳನ್ನು ಕಾದ ಎಣ್ಣೆಗೆ ಹಾಕುವ ಮನೆಯಲ್ಲಿ ಆರಿಂಚಿನ ಕೊಳವೆ ನೇರವಾಗಿ ಹೊರಗೆ ಹೋಗಲೇಬೇಕು, ಅದರಲ್ಲಿ ತಿರುವುಗಳು ಆದಷ್ಟು ಕಡಿಮೆಯಿರಬೇಕು. ನಿನ್ನೆ ಒಗ್ಗರಣೆ ಹಾಕಿದಾಗ ನಡುಮನೆಯಲ್ಲಿದ್ದ ಮಗು ಸಹ ಕೆಮ್ಮಿತು.

ಗ್ರೈಂಡರಿನ ವಿಷಯ ಕೇಳಿ. ಕಟ್ಟೆ ಖಾಲಿಯಾಗಿ ಕಾಣಬೇಕೆಂದು ಅದನ್ನು ಕೆಳಗಿನ ಕಪಾಟಿನೊಳಗೆ ಸೇರಿಸಿದ್ದಾರೆ. ಕಲ್ಲಿನ ಗ್ರೈಂಡರ್ ಹತ್ತು ಕಿಲೋಗೂ ಹೆಚ್ಚು ತೂಗುತ್ತದೆ. ವಾರದಲ್ಲಿ ಎರಡು ಮೂರು ಸಲ ದೋಸೆ, ಇಡ್ಲಿಗೆ ರುಬ್ಬುವ ಮನೆಯದು. ಸೊಂಟನೋವಿನ ಚಿಕ್ಕಮ್ಮ ಬಗ್ಗಿ, ಎಳೆದು, ಎತ್ತಿ, ಕಟ್ಟೆಯ ಮೇಲಿಟ್ಟು ರುಬ್ಬಿ, ತೊಳೆದು, ಒರೆಸಿ, ಮತ್ತೆ ಬಗ್ಗಿ ಒಳಗಿಡಬೇಕು. ಗ್ರೈಂಡರಿಗೆ ಸಿಂಕಿನ ಹತ್ತಿರ ಖಾಯಂ ಜಾಗ, ಅದರ ಹಿಂದೆಯೇ ಒಂದು ಸಾಕೆಟ್ ಎಂದು ಆಕೆ ಅರ್ಧ ನಿಮಿಷದಲ್ಲಿ ಹೇಳಿಬಿಡುತ್ತಿದ್ದರು.

ಇನ್ನು ಆ ಬಿಳಿ ಕಟ್ಟೆ. ಅವರು ಆಯ್ದ ಕ್ವಾರ್ಟ್ಜ್ ಹಾಸು ಇಡಿಯಾಗಿ ಕಲ್ಲಲ್ಲ. ಕಲ್ಲಿನ ಪುಡಿಯನ್ನು ರಾಳದಲ್ಲಿ ಕಲೆಸಿ ಒತ್ತಿ ಮಾಡಿದ ಹಲಗೆ. ಒಲೆಯಿಂದ ಇಳಿಸಿದ ಬಾಣಲೆಯನ್ನು ಅದರ ಮೇಲೆ ನೇರವಾಗಿ ಇಟ್ಟರೆ ರಾಳ ಸುಟ್ಟು ಕಲೆಯಾಗುತ್ತದೆ, ಬಿರುಕೂ ಬಿಡಬಹುದು. ತಿಳಿ ಬಣ್ಣದ ಹಾಸಿನ ಮೇಲೆ ಅರಿಸಿನ ಬಿದ್ದು ಒಣಗಿದರೆ ಹಳದಿ ಸುಲಭವಾಗಿ ಹೋಗುವುದಿಲ್ಲ. ನಾನು ಮಾತನಾಡುತ್ತಿದ್ದಾಗ ಚಿಕ್ಕಮ್ಮ ಒದ್ದೆ ಬಟ್ಟೆಯನ್ನು ಕಟ್ಟೆಯ ಒಂದೇ ಮೂಲೆಯ ಮೇಲೆ ಒತ್ತಿ ಹಿಡಿದಿದ್ದರು. ಬಟ್ಟೆ ಸರಿಸಿದಾಗ ಅದರಡಿಯಲ್ಲಿ ಅರಿಸಿನದ ಡಬ್ಬಿಯ ತಳದಷ್ಟೇ ಅಗಲದ ಹಳದಿ ವೃತ್ತ ಕಂಡಿತು. ಮಗ ನೋಡಿದರೆ ಬೇಸರಪಟ್ಟುಕೊಳ್ಳುತ್ತಾನೆ ಎಂದರು. ಸ್ವಂತ ಅಡುಗೆಮನೆಯಲ್ಲಿ ಕಲೆಗೆ ಹೆದರುವ ಸ್ಥಿತಿಗೆ ಆಕೆಯನ್ನು ತಂದಿಟ್ಟಿದ್ದಾರಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಕಿತ್ತುಹಾಕಿದ ಹಳೆಯ ಕಡಪ ಕಲ್ಲಿನ ಮೇಲೆ ಅವರು ಕಾದ ಬಾಣಲೆಯನ್ನೂ ಇಡುತ್ತಿದ್ದರು, ಹುಣಸೆಹುಳಿಯನ್ನೂ ಕಿವುಚುತ್ತಿದ್ದರು. ಕಪ್ಪು ಗ್ರಾನೈಟ್ ಹಾಕಿಸಿದ್ದರೆ ಇದೆಲ್ಲವನ್ನೂ ಅದು ತಡೆದುಕೊಳ್ಳುತ್ತಿತ್ತು.

ಕಣ್ಣಿಗೆ ಕಾಣದ ಕಡೆಗಳಲ್ಲಿ ಹಣ ಉಳಿಸಿರುವುದೂ ಗೊತ್ತಾಯಿತು. ಸಿಂಕಿನ ಕೆಳಗೆ, ಸದಾ ತೇವವಿರುವ ಜಾಗಕ್ಕೆ, ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಬಳಸಿದ್ದಾರೆ. ಅಂಚಿನೊಳಗೆ ನೀರು ಇಳಿದರೆ ಅದು ಉಬ್ಬಿ ಪುಡಿಯಾಗುತ್ತದೆ. ಅಲ್ಲಿ ಐಎಸ್ 710 ಮುದ್ರೆಯ ಮೆರೈನ್ ಪ್ಲೈ ಇರಬೇಕಿತ್ತು, ಉಳಿದೆಡೆ ಐಎಸ್ 303ರ ಬಿಡಬ್ಲ್ಯುಆರ್ (ಕುದಿನೀರಿಗೂ ತಡೆಯುವ) ಪ್ಲೈ ಸಾಕಾಗುತ್ತಿತ್ತು. ಸಿಲಿಂಡರ್ ಇಟ್ಟ ಕಪಾಟಿಗೆ ಒಂದು ಗಾಳಿಕಿಂಡಿಯೂ ಇಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಬಾಗಿಲಿನ ಬುಡಕ್ಕೆ ಜಾಲರಿ ಹಾಕಿಸುವುದನ್ನು ನಾಳೆಗೆ ಮುಂದೂಡಬೇಡ ಎಂದು ತಮ್ಮನಿಗೆ ಗಟ್ಟಿಯಾಗಿಯೇ ಹೇಳಿ ಬಂದಿದ್ದೇನೆ.

ಈ ಮಾಡ್ಯುಲರ್ ಪದ್ಧತಿಯ ಬೇರನ್ನು ಹುಡುಕಿಕೊಂಡು ಹೋದರೆ ಜರ್ಮನಿಯ ಫ್ರಾಂಕ್‌ಫರ್ಟ್ ನಗರಕ್ಕೆ ಮುಟ್ಟುತ್ತೇವೆ. 1926ರಲ್ಲಿ ಮಾರ್ಗರೆಟೆ ಶ್ಯೂಟ್-ಲಿಹೊಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ ಅಲ್ಲಿನ ಹೊಸ ಬಡಾವಣೆಗಳಿಗಾಗಿ ರೂಪಿಸಿದ ಅಡುಗೆಮನೆಯನ್ನು ಸುಮಾರು 10,000 ಮನೆಗಳಲ್ಲಿ ಅಳವಡಿಸಿದರು. ರೈಲಿನ ಊಟದ ಬೋಗಿಯ ಅಡುಗೆಕೋಣೆಯನ್ನು ಮಾದರಿಯಾಗಿ ಇಟ್ಟುಕೊಂಡು, ಅಡುಗೆ ಮಾಡುವವರು ಎಷ್ಟು ಹೆಜ್ಜೆ ಇಡಬೇಕಾಗುತ್ತದೆ, ಎಲ್ಲಿ ಕೈಚಾಚಬೇಕಾಗುತ್ತದೆ ಎಂಬುದನ್ನು ಅಳೆದು ಮಾಡಿದ ವಿನ್ಯಾಸ ಅದು. ತರಕಾರಿ ಹೆಚ್ಚುವ ಹಲಗೆ ಕಿಟಕಿಯ ಬೆಳಕಿಗೆ ಇತ್ತು, ಅದರ ಮುಂದೆ ಕುಳಿತು ಕೆಲಸ ಮಾಡಲು ತಿರುಗುವ ಸ್ಟೂಲ್ ಇತ್ತು. ಆ ವಿನ್ಯಾಸದಿಂದ ನಮ್ಮ ಶೋರೂಮುಗಳಿಗೆ ಪೆಟ್ಟಿಗೆಗಳು ಬಂದವು. ಕೆಲಸವನ್ನು ಮೊದಲು ನಿಂತು ನೋಡಬೇಕೆಂಬ ಶಿಸ್ತು ಬರಲಿಲ್ಲ. ಕೆಳಗೆ ಕುಳಿತು ಕಾಯಿ ತುರಿಯುವ, ಈಳಿಗೆಮಣೆಯ ಮುಂದೆ ಕುಳಿತು ಹಲಸಿನಕಾಯಿ ಹೆಚ್ಚುವ ಮನೆಗಳಿಗೆ ನೆಲದ ಮೇಲೆ ಒಂದು ಚಾಪೆಯಷ್ಟು ಜಾಗವನ್ನಾದರೂ ನಕಾಶೆಯಲ್ಲಿ ಬಿಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಇದಕ್ಕೆ ಸ್ನೇಹಿತರು ಏನೆನ್ನುತ್ತಾರೆಂದು ನನಗೆ ಗೊತ್ತು. ಹಿರಿಯರನ್ನು ಕೇಳಿದರೆ "ನಿಮಗೆ ಹೇಗೆ ಬೇಕೋ ಹಾಗೆ ಮಾಡಿಸಿ" ಎನ್ನುತ್ತಾರೆ, ಆಮೇಲೆ ದೂರುತ್ತಾರೆ ಎನ್ನುವವರಿದ್ದಾರೆ. ಮುಂದೆ ಸೊಸೆಯೂ ಅಲ್ಲೇ ಅಡುಗೆ ಮಾಡಬೇಕಲ್ಲ, ಅವಳ ಎತ್ತರ ಬೇರೆಯಲ್ಲವೇ ಎನ್ನುವವರೂ ಇದ್ದಾರೆ. ಎರಡನೆಯ ಮಾತಿನಲ್ಲಿ ಹುರುಳಿದೆ, ಆದರೆ ಅದಕ್ಕೆ ಉತ್ತರವೂ ಇದೆ. ಒಲೆಯ ಭಾಗವನ್ನು ಕುಳ್ಳಗಿರುವವರಿಗೆ ತಕ್ಕಂತೆ ತಗ್ಗಿಸಿ, ಉಳಿದ ಕಟ್ಟೆಯನ್ನು ಎತ್ತರ ಇರುವವರಿಗೆ ಬಿಟ್ಟರೆ ಇಬ್ಬರಿಗೂ ಆಗುತ್ತದೆ. ಮೊದಲನೆಯದನ್ನು ಮಾತ್ರ ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. "ಹೇಗೆ ಬೇಕು" ಎಂದು ಕೇಳಿದರೆ ಅವರು ಸುಮ್ಮನಾಗುತ್ತಾರೆ, ನಿಜ. "ಇಲ್ಲಿ ಬಂದು ನಿಲ್ಲಿ, ಮೊಣಕೈ ಮಡಿಸಿ, ಅಳೆಯುತ್ತೇನೆ" ಎಂದರೆ ಯಾವ ಹೆಂಗಸೂ ಬೇಡ ಎನ್ನುವುದಿಲ್ಲ. ರುಬ್ಬುವಾಗ ಎಲ್ಲಿ ನಿಲ್ಲುತ್ತೀರಿ, ಕುಕ್ಕರ್ ಇಳಿಸಿ ಎಲ್ಲಿಡುತ್ತೀರಿ, ಹಬ್ಬದ ದೊಡ್ಡ ಪಾತ್ರೆಗಳನ್ನು ಎಲ್ಲಿ ಬೋರಲು ಹಾಕುತ್ತೀರಿ ಎಂದು ಕೇಳಿದರೆ ನಿಲ್ಲಿಸುವುದೇ ಕಷ್ಟವಾಗುವಷ್ಟು ಹೇಳುತ್ತಾರೆ.

ಇಷ್ಟೊಂದು ಕೋಪಕ್ಕೆ ನನ್ನದೇ ಆದ ಕಾರಣವೂ ಇದೆ, ಹಳೆಯ ಸ್ನೇಹಿತರಿಗೆ ಸ್ವಲ್ಪ ತಿಳಿದಿರಬಹುದು. ಸಾಗರದ ನಮ್ಮ ಮನೆಗೆ ಗ್ಯಾಸ್ ಬಂದಾಗ ಅಪ್ಪ ಮೇಸ್ತ್ರಿಯ ಪಕ್ಕದಲ್ಲಿ ತಾವೇ ನಿಂತು, ತಮ್ಮ ಸೊಂಟದ ಎತ್ತರಕ್ಕೆ ಕಟ್ಟೆ ಕಟ್ಟಿಸಿದರು. ಅಪ್ಪ ಎತ್ತರದ ಆಳು, ಅಮ್ಮ ಚಿಕ್ಕಮ್ಮನಷ್ಟೇ ಎತ್ತರ. ಅಪ್ಪ ಆ ಕಟ್ಟೆಯ ಮುಂದೆ ನಿಂತು ಒಂದು ಲೋಟ ಕಾಫಿಯನ್ನೂ ಮಾಡಿದ್ದನ್ನು ನಾನು ನೋಡಿಲ್ಲ. ಅಮ್ಮ ಇರುವವರೆಗೂ ಬಲ ಭುಜಕ್ಕೆ ನೋವಿನೆಣ್ಣೆ ಹಚ್ಚಿಕೊಂಡೇ ಮಲಗುತ್ತಿದ್ದರು. ಅಪ್ಪನ ಬಗ್ಗೆ ನನಗೆ ತುಂಬ ಪ್ರೀತಿಯಿದೆ. ಈ ಒಂದು ವಿಷಯದಲ್ಲಿ ಮಾತ್ರ ಅವರನ್ನು ಇವತ್ತಿಗೂ ಕ್ಷಮಿಸಲಾಗಿಲ್ಲ.

ಅದೇ ಕಟ್ಟೆಯ ಮುಂದೆ ಈಗ ಅತ್ತಿಗೆ ನಿಲ್ಲುತ್ತಾರೆ. ದೀಪಾವಳಿ ಮುಗಿದ ಮೇಲೆ ಅಣ್ಣ ಆ ಅಡುಗೆಮನೆಯನ್ನು ಒಡೆಸಿ ಹೊಸದಾಗಿ ಮಾಡಿಸುತ್ತಿದ್ದಾನೆ. ನಿನ್ನೆ ರಾತ್ರಿಯೇ ಫೋನು ಮಾಡಿ, ಬಡಗಿಗೆ ಮುಂಗಡ ಕೊಡುವ ಮೊದಲು ಅತ್ತಿಗೆಯನ್ನು ಗೋಡೆಗೆ ನಿಲ್ಲಿಸಿ ಅಳತೆ ತೆಗೆಯಲು ಹೇಳಿದೆ. ಆಮೇಲೆ ಫೋನನ್ನು ಅತ್ತಿಗೆಯ ಕೈಗೆ ಕೊಡಿಸಿ ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಒಲೆಯ ಕಟ್ಟೆ 30 ಇಂಚು, ಸಿಂಕಿನ ಕಡೆ 34. ಗ್ರೈಂಡರ್ ಕಟ್ಟೆಯ ಮೇಲೆಯೇ ಇರಬೇಕು. ಇಂಡಕ್ಷನ್ ಒಲೆಗೆ 16 ಆಂಪಿಯರ್‌ನ ಬೇರೆ ಸಾಕೆಟ್. ತುಕ್ಕು ಹಿಡಿದ ಹಳೆಯ ಕಬ್ಬಿಣದ ಪೈಪುಗಳನ್ನು ಟೈಲ್ಸ್ ಹಾಕುವ ಮೊದಲೇ ತೆಗೆಸಿ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸಬೇಕು, ನೀರು ಬಿಟ್ಟು ಒಂದು ದಿನ ನೋಡಿಯೇ ಗೋಡೆ ಮುಚ್ಚಬೇಕು. ಕಾಯಿ ತುರಿಯಲು ಕೂರುವ ಮೂಲೆಯಲ್ಲಿ ಕಪಾಟು ಬರಕೂಡದು, ತೋಟದ ಕಡೆಯ ಕಿಟಕಿಯನ್ನು ಯಾರೂ ಮುಟ್ಟಕೂಡದು. ಅಣ್ಣ ಎಲ್ಲಕ್ಕೂ ಒಪ್ಪಿದ್ದಾನೆ. ಆ ಪಟ್ಟಿಯ ಒಂದು ಪ್ರತಿಯನ್ನು ಇವತ್ತು ಬೆಳಿಗ್ಗೆ ಬಡಗಿಗೂ ಕಳುಹಿಸಿದ್ದೇನೆ.