ಪಿಒಪಿ ಗಣೇಶ ಒಂದು ಹಿಡಿ ಸೋಡಾಕ್ಕೆ ಕರಗುವುದಿಲ್ಲ

“ಬಕೆಟ್ ನೀರಿಗೆ ಒಂದು ಹಿಡಿ ಅಡುಗೆ ಸೋಡಾ ಹಾಕಿ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಗಣೇಶನನ್ನು ಮುಳುಗಿಸಿ, ರಾತ್ರಿಯಲ್ಲೇ ಕರಗುತ್ತದೆ, ಆ ನೀರನ್ನು ಕೆರೆಗೆ ಬಿಡಬಹುದು” ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಅದರಲ್ಲಿರುವ ಪದಾರ್ಥವೂ ಪ್ರಮಾಣವೂ ತಪ್ಪು. ಕೆರೆಗೆ ಬಿಡುವ ಸಲಹೆಯಂತೂ ಅಪಾಯಕಾರಿ.

ಗಟ್ಟಿಯಾದ ಪಿಒಪಿ ಎಂದರೆ ಜಿಪ್ಸಂ. ಒಂದು ಲೀಟರ್ ನೀರಿನಲ್ಲಿ ಅದು ಎರಡು ಗ್ರಾಂಗಿಂತ ತುಸು ಹೆಚ್ಚು ಮಾತ್ರ ಕರಗುತ್ತದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ರೂಪಿಸಿದ ವಿಧಾನದಲ್ಲಿ ಬಳಸುವುದು ಅಮೋನಿಯಂ ಬೈಕಾರ್ಬೊನೇಟ್, ಅಂದರೆ ಬೇಕರಿಯವರು ಬಿಸ್ಕತ್ತು ಉಬ್ಬಲು ಹಾಕುವ ಪುಡಿ. ಅದೂ ಹೆಚ್ಚುಕಡಿಮೆ ಮೂರ್ತಿಯ ತೂಕದಷ್ಟೇ ಬೇಕು: ಎರಡು ಕೆ.ಜಿ. ಮೂರ್ತಿಗೆ ಎರಡು ಕೆ.ಜಿ. ಪುಡಿ. ಅದಕ್ಕಿಂತ ಕಡಿಮೆ ಹಾಕಿದರೆ ಮೇಲ್ಪದರ ಮಾತ್ರ ಉದುರಿ ಒಳಗಿನದು ಹಾಗೇ ಉಳಿಯುತ್ತದೆ. ಮೂರ್ತಿ ಪೂರ್ತಿ ಮುಳುಗಬೇಕು, ಎರಡು ಮೂರು ಗಂಟೆಗೊಮ್ಮೆ ಕಲಕಬೇಕು. ಎರಡು ದಿನ ಹಿಡಿಯಬಹುದು. ಅಮೋನಿಯಾದ ಘಾಟು, ಇಂಗಾಲದ ಡೈಆಕ್ಸೈಡ್ ಎರಡೂ ಹೊರಬರುವುದರಿಂದ ಬಯಲಿನಲ್ಲೇ ಮಾಡಿ, ಮುಚ್ಚಳ ಬಿಗಿಯಬೇಡಿ.

ಕೊನೆಗೆ ತಳದಲ್ಲಿ ಸುಣ್ಣದಂಥ ಕ್ಯಾಲ್ಸಿಯಂ ಕಾರ್ಬೊನೇಟ್ ಕೂರುತ್ತದೆ. ನೀರಿನಲ್ಲಿ ಉಳಿಯುವುದು ಅಮೋನಿಯಂ ಸಲ್ಫೇಟ್. ಅದು ಸಾರಜನಕದ ಗೊಬ್ಬರ. ಕೆರೆಗೆ ಸುರಿದರೆ ಪಾಚಿ, ಅಂತರಗಂಗೆ ಹಬ್ಬಿ, ಅವು ಕೊಳೆಯುವಾಗ ನೀರಿನ ಆಮ್ಲಜನಕ ಕುಸಿದು ಮೀನು ಸಾಯುತ್ತವೆ. ಚೆನ್ನಾಗಿ ತೆಳುಮಾಡಿ ಹೂಗಿಡಗಳಿಗೆ ಹಾಕಬಹುದು, ತರಕಾರಿಗೆ ಬೇಡ: ಬಣ್ಣದಲ್ಲಿನ ಸೀಸದಂಥ ಲೋಹಗಳು ಈ ಕ್ರಿಯೆಯಿಂದ ನಾಶವಾಗುವುದಿಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಪಿಒಪಿ ಮೂರ್ತಿಗಳನ್ನೇ ನಿಷೇಧಿಸಿತ್ತು. ಮನೆಯಲ್ಲಿ ಈಗಾಗಲೇ ಇರುವ ಮೂರ್ತಿಗಷ್ಟೇ ಈ ವಿಧಾನ. ಹೊಸದಾಗಿ ತರುವುದಾದರೆ ಬಣ್ಣವಿಲ್ಲದ ಜೇಡಿಮಣ್ಣಿನದನ್ನೇ ತನ್ನಿ.