ಕಗ್ಗಂಟು

"ಥೂ, ಭಾನುವಾರ!" ಅಂದಳು ಅಣ್ಣನ ಮಗಳು.

ಏನಮ್ಮ ಭಾನುವಾರ ಅಂತ ಕೇಳಿದೆ. 2027ರ ಆಗಸ್ಟ್ 15 ಭಾನುವಾರ ಬರುತ್ತದಂತೆ. ಅವಳು ಫೋನಿನಲ್ಲಿ ಕ್ಯಾಲೆಂಡರ್ ಜಾರಿಸುತ್ತಾ ರಜೆ ಹುಡುಕುತ್ತಿದ್ದಳು.

"ಹಾಗಾದ್ರೆ ಗಾಂಧಿ ಜಯಂತಿ ಶನಿವಾರ" ಅಂದೆ, ಪೇಪರಿನಿಂದ ತಲೆ ಎತ್ತದೆ.

ಅವಳು ಜಾರಿಸಿ ನೋಡಿದಳು. ಹೌದು, ಶನಿವಾರ. ನನ್ನ ಕಡೆ ಒಂದು ಕ್ಷಣ ಗೌರವದಿಂದ ನೋಡಿದಳು. ನಮ್ಮ ಮನೆಯಲ್ಲಿ ಅದು ಅಪರೂಪ, ಹಾಗಾಗಿ ನಾನೂ ಪೇಪರ್ ಮಡಿಚಿಟ್ಟು ಅದನ್ನು ಸ್ವೀಕರಿಸಿದೆ. ನಿಜ ಹೇಳಬೇಕೆಂದರೆ ಇದರಲ್ಲಿ ಜಾಣತನ ಏನೂ ಇಲ್ಲ. ಆಗಸ್ಟ್ 15ರಿಂದ ಅಕ್ಟೋಬರ್ 2ಕ್ಕೆ 48 ದಿನ. ಏಳೇಳ್ಲ ನಲವತ್ತೊಂಬತ್ತು. ಒಂದು ಕಮ್ಮಿ. ಹಾಗಾಗಿ ಸ್ವಾತಂತ್ರ್ಯ ಸೋಮವಾರವಾದರೆ ಗಾಂಧೀಜಿ ಭಾನುವಾರ, ಸ್ವಾತಂತ್ರ್ಯ ಭಾನುವಾರವಾದರೆ ಗಾಂಧೀಜಿ ಶನಿವಾರ. ವಾರಕ್ಕೆ ಐದು ದಿನ ದುಡಿಯುವವರಿಗೆ ಅಂಥ ವರ್ಷ ಎರಡೂ ಹೋದ ಹಾಗೆ. 2021ರಲ್ಲೂ ಹೀಗೇ ಆಗಿತ್ತು.

"ಜನವರಿ 26 ಮಂಗಳವಾರ. ಸೋಮವಾರ ಒಂದು ರಜೆ ಹಾಕಿದ್ರೆ ನಾಲ್ಕು ದಿನ ಸಿಗತ್ತೆ" ಅಂದಳು. ಆಮೇಲೆ ಇನ್ನೂ ಜಾರಿಸಿ, "ನವೆಂಬರ್ 1 ಸೋಮವಾರ. ಸದ್ಯ, ಕನ್ನಡಮ್ಮ ಕೈಬಿಡಲಿಲ್ಲ" ಅಂತ ನಿಟ್ಟುಸಿರು ಬಿಟ್ಟಳು.

ನನಗೆ ಸಿಟ್ಟು ಬಂತು. ಯಾಕೆ ಬಂತು ಅಂತ ಕೇಳಬೇಡಿ. ಆ 48 ದಿನದ ಲೆಕ್ಕವನ್ನು ನಾನು ಕಲಿತದ್ದೂ ದೇಶಭಕ್ತಿಯಿಂದಲ್ಲ. ನೌಕರಿಯ ಇಡೀ ಆಯಸ್ಸಿನಲ್ಲಿ ಹೊಸ ಕ್ಯಾಲೆಂಡರ್ ಕೈಗೆ ಬಂದ ದಿನ ಮೊದಲು ತಿರುವಿದ್ದು ಆಗಸ್ಟ್ ಹಾಳೆಯನ್ನೇ. ಆದರೂ ನಮ್ಮ ದುರಾಸೆಯನ್ನು ಬೇರೆಯವರ ಬಾಯಲ್ಲಿ ಕೇಳಿದರೆ ಅದು ಅಸಹ್ಯ ಅನಿಸುತ್ತದೆ, ಅಲ್ವಾ?

ಹಾಗೆ ನೋಡಿದರೆ ತಪ್ಪು ಅವಳದ್ದೂ ಅಲ್ಲ. ಕರ್ನಾಟಕದಲ್ಲಿ 1963ರ ಒಂದು ಕಾಯ್ದೆಯೇ ಇದೆ. ಕಾರ್ಖಾನೆಗಳು, ಕಂಪನಿಗಳು ಈ ದಿನಗಳಲ್ಲಿ ಸಂಬಳ ಸಹಿತ ರಜೆ ಕೊಡಲೇಬೇಕು. ರಜೆ ಕೊಟ್ಟ ಮೇಲೆ ಆ ದಿನ ಏನು ಮಾಡಬೇಕು ಅಂತ ಯಾವ ಕಾಯ್ದೆಯೂ ಹೇಳಿಲ್ಲ. ನಿದ್ದೆ ಮಾಡಿದರೂ ಆಯಿತು.

ಆದರೆ ಸಿಟ್ಟು ಬಂದಾಯಿತಲ್ಲ. ಸುಮ್ನೆ ಕೂರಲು ಆಗಲಿಲ್ಲ. ಮಾಡಬಾರದ ಕೆಲಸ ಮಾಡಿದೆ. ಭಾಷಣ ಶುರುಮಾಡಿದೆ.

ಜನವರಿ 26 ಯಾಕೆ ಜನವರಿ 26 ಆಯಿತು ಗೊತ್ತಾ ನಿನಗೆ? 1929ರ ಕೊನೆಗೆ ಲಾಹೋರಿನಲ್ಲಿ ಕಾಂಗ್ರೆಸ್ ಅಧಿವೇಶನ ಆಯಿತು. ಪೂರ್ಣ ಸ್ವರಾಜ್ಯವೇ ಬೇಕು ಅಂತ ತೀರ್ಮಾನ ಮಾಡಿದರು. ದೇಶದ ತುಂಬ ಜನ ಸೇರಿ ಪ್ರತಿಜ್ಞೆ ಮಾಡಲು ಒಂದು ದಿನ ಬೇಕಿತ್ತು. 1930ರ ಜನವರಿಯ ಕೊನೆಯ ಭಾನುವಾರ ಗೊತ್ತುಮಾಡಿದರು. ಅದೇ 26. ಅಲ್ಲಿಂದ 1947ರ ತನಕ ನಮ್ಮವರಿಗೆ ಅದೇ ಸ್ವಾತಂತ್ರ್ಯ ದಿನ. ಆಮೇಲೆ ನಿಜವಾದ ಸ್ವಾತಂತ್ರ್ಯ ಆಗಸ್ಟಿನಲ್ಲಿ ಬಂದುಬಿಟ್ಟಿತು. ಜನವರಿ 26 ಸುಮ್ನೆ ಉಳಿಯಿತು. ಸಂವಿಧಾನಕ್ಕೆ 1949ರ ನವೆಂಬರ್ 26ರಂದೇ ಒಪ್ಪಿಗೆ ಬಿದ್ದಿತ್ತು. ಆದರೂ ಪೂರ್ತಿ ಜಾರಿಗೆ ತರಲು ಎರಡು ತಿಂಗಳು ಕಾದರು. ಆ ಹಳೆಯ ಭಾನುವಾರದ ಮರ್ಯಾದೆ ಉಳಿಸೋದಕ್ಕೆ.

"ನೋಡು, ಅವರು ಭಾನುವಾರವನ್ನೇ ಹುಡುಕಿ ಇಟ್ಟುಕೊಂಡರು. ನೀನು ಭಾನುವಾರ ಬಂತು ಅಂತ ಥೂ ಅಂತೀಯ" ಅಂದೆ. ಚೆನ್ನಾಗಿ ಹೇಳಿದೆ ಅನಿಸಿತು.

"ಅವರಿಗೆ ಬ್ರಿಟಿಷರು ಬೇರೆ ದಿನ ರಜೆ ಕೊಡ್ತಿದ್ರಾ ಚಿಕ್ಕಪ್ಪ? ಕೊಟ್ಟಿದ್ರೆ ಅವರೂ ಸೋಮವಾರನೇ ಇಡ್ತಿದ್ರು" ಅಂದಳು.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ನಾನು ಬಾಲ್ಯಕ್ಕೆ ಹೋಗುತ್ತೇನೆ.

1986ರ ಜನವರಿ 26 ಕೂಡ ಭಾನುವಾರ. ನಾನು ಏಳನೇ ಕ್ಲಾಸು. ಪ್ರತಿ ವರ್ಷ ಬಾವುಟ ಮಡಿಚಿ, ಹೂವಿನ ಎಸಳು ತುಂಬಿ, ಕಂಬದ ತುದಿಗೆ ಏರಿಸುವ ಮೊದಲು ಗಂಟು ಹಾಕುತ್ತಿದ್ದವರು ಡ್ರಿಲ್ ಮೇಷ್ಟ್ರು. ಆ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಆ ವರ್ಷ ಅವರ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಆಗಿತ್ತು. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಶನಿವಾರ ಕ್ಲಾಸಿಗೆ ಬಂದವರು ಒಮ್ಮೆ ಎಲ್ಲರನ್ನೂ ನೋಡಿ ನನ್ನ ಕಡೆ ನಿಂಬೆಹಣ್ಣು ತೋರಿಸಿ, "ನಿಮ್ಮ ಮನೇಲಿ ಎಮ್ಮೆ ಇದೆ ಅಲ್ವೇನೋ? ಬಾ ಇಲ್ಲಿ" ಅಂದರು.

ಎಮ್ಮೆ ಇರುವ ಮನೆಯ ಹುಡುಗನಿಗೆ ಹಗ್ಗದ ಗಂಟು ಬರುತ್ತದೆ ಅನ್ನೋದು ಅವರ ತರ್ಕ. ತರ್ಕ ಸರಿಯೇ. ಆದರೆ ಎಮ್ಮೆಗೆ ಹಾಕುವ ಗಂಟಿನ ಉದ್ದೇಶವೇ ಬೇರೆ.

"ಎಳೆದರೆ ಬಿಚ್ಚಬೇಕು. ಗಾಳಿಗೆ ಬಿಚ್ಚಬಾರದು. ಇಷ್ಟೇ ಕಣೋ" ಅಂತ ಹೇಳಿಕೊಟ್ಟರು. ಎರಡು ಸುತ್ತು, ಮೇಲೊಂದು ಕುಣಿಕೆ, ಕುಣಿಕೆಯ ಬಾಲ ಹೊರಗೆ. ಜಾರುಗಂಟು. ಜಗಲಿಯ ಮೇಲೆ ಕೂತು ಟವೆಲ್ಲಿಗೆ ಮೂರು ಸಲ ಕಟ್ಟಿದೆ, ಮೂರು ಸಲವೂ ಬಿಚ್ಚಿತು. ಆ ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಬಿಚ್ಚದೇ ಹೋದರೆ ಅನ್ನುವ ಭಯ ಅಲ್ಲ. ಮುಂಚೆಯೇ ಬಿಚ್ಚಿಹೋದರೆ ಅಂತ. ಅತಿಥಿ ಬರುವ ಮೊದಲೇ ಗಾಳಿ ಬೀಸಿ, ಹೂವೆಲ್ಲ ಉದುರಿ, ಬಾವುಟ ತನ್ನಷ್ಟಕ್ಕೆ ತಾನೇ ಹಾರಾಡಿದರೆ? ಹಾಗಾಗಿ ಬೆಳಿಗ್ಗೆ ಕಟ್ಟುವಾಗ, ಮೇಷ್ಟ್ರು ಅತ್ತ ತಿರುಗಿದ್ದು ನೋಡಿ, ಒಂದು ಸುತ್ತು ಜಾಸ್ತಿ ಹಾಕಿದೆ. ಭದ್ರತೆಗೆ.

ಅವತ್ತು ಅತಿಥಿಯಾಗಿ ಬಂದವರು ಊರಿನ ಒಬ್ಬ ದೊಡ್ಡ ಮನುಷ್ಯರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಜುಬ್ಬ. ಹಗ್ಗ ಎಳೆದರು. ಏನೂ ಆಗಲಿಲ್ಲ. ನಗುತ್ತಾ ಇನ್ನೊಮ್ಮೆ ಎಳೆದರು. ಮೂರನೇ ಸಲ ನಗು ಇರಲಿಲ್ಲ, ಕಂಬವೇ ಅಲ್ಲಾಡಿತು. ಮೇಲೆ ಬಾವುಟ ಹಲಸಿನ ಎಳೆಕಾಯಿ ಹಾಗೆ ನೇತಾಡುತ್ತಿತ್ತು.

ಅಷ್ಟರಲ್ಲಿ ಎಡವಟ್ಟಾಯಿತು. ಹಾಡುವ ಹುಡುಗಿಯರಿಗೆ ಹೆಡ್‌ಮೇಷ್ಟ್ರು ಹೇಳಿದ್ದು ಒಂದೇ ಮಾತು: ಹಗ್ಗ ಎಳೆದ ಕೂಡಲೇ ಶುರು ಮಾಡಿ. ಹಗ್ಗ ಎಳೆದಾಯಿತಲ್ಲ. ಅವರು ರಾಷ್ಟ್ರಗೀತೆ ಎತ್ತಿಕೊಂಡೇಬಿಟ್ಟರು.

ಇನ್ನು ಯಾರೂ ಅಲ್ಲಾಡುವಂತಿಲ್ಲ. ಹೆಡ್‌ಮೇಷ್ಟ್ರು ಕಲ್ಲಾದರು. ಅತಿಥಿಗಳು ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಸೆಲ್ಯೂಟ್ ಹಿಡಿದು ಒಂದು ಗಂಟಿಗೆ ವಂದಿಸುತ್ತಾ ನಿಂತರು. ಇನ್ನೂರು ಮಕ್ಕಳು ಆ ಗಂಟಿನ ಕಡೆ ಮುಖ ಎತ್ತಿ ಹಾಡಿದೆವು. ಡ್ರಿಲ್ ಮೇಷ್ಟ್ರ ತಲೆ ನೆಟ್ಟಗೇ ಇತ್ತು. ಕಣ್ಣು ಮಾತ್ರ ನಿಧಾನಕ್ಕೆ ಬದಿಗೆ ಸರಿದು ನನ್ನ ಮೇಲೆ ಬಂದು ನಿಂತಿತು.

ಆಗ ನನಗೆ ಹೊಳೆಯಿತು. ಹಾಡು ಮುಗಿಯುವ ತನಕ ನನ್ನನ್ನು ಯಾರೂ ಮುಟ್ಟುವಂತಿಲ್ಲ.

ರಾಷ್ಟ್ರಗೀತೆಗೆ ನಿಗದಿಯಾದ ಕಾಲ ಸುಮಾರು 52 ಸೆಕೆಂಡು. ನಮ್ಮ ಶಾಲೆಯಲ್ಲಿ ಎಳೆದೂ ಎಳೆದೂ ಅದು ಒಂದೂವರೆ ನಿಮಿಷಕ್ಕೆ ಮುಂಚೆ ಮುಗಿದದ್ದೇ ಇಲ್ಲ. ಅವತ್ತು ಅದೂ ಸಾಲಲಿಲ್ಲ. ಒಂದೊಂದು ಪ್ರಾಂತ್ಯದ ಹೆಸರಿಗೂ, ಒಂದೊಂದು ಬೆಟ್ಟಕ್ಕೂ, ಒಂದೊಂದು ನದಿಗೂ ನಾನು ಜೋತುಬಿದ್ದೆ. ಇನ್ನೊಂದು ನಾಲ್ಕು ನದಿ ಇರಬಾರದಿತ್ತೇ ಅನಿಸಿತು. ಕಾವೇರಿಯಾದರೂ ಇರಬಹುದಿತ್ತು. ಅಷ್ಟು ಮನಸ್ಸಿಟ್ಟು ರಾಷ್ಟ್ರಗೀತೆಯನ್ನು ನಾನು ಆಮೇಲೆ ಹಾಡಿದ್ದೇ ಇಲ್ಲ.

ಮುಗಿಯಿತು. ಗಂಟನ್ನು ಹಾಗೇ ಕೆಳಗಿಳಿಸಿದರು. ಮೇಷ್ಟ್ರ ಹೆಬ್ಬೆರಳು ಕೆಲಸಕ್ಕೆ ಬರಲಿಲ್ಲ. ಹೆಡ್‌ಮೇಷ್ಟ್ರು ಉಗುರಲ್ಲಿ ಕೆದಕಿದರು. ಜವಾನ ಹಲ್ಲು ಹಾಕಲು ಹೋದ, ಬಾವುಟದ ಹಗ್ಗಕ್ಕೆ ಹಲ್ಲು ಹಾಕಬಹುದೇ ಅಂತ ಸಣ್ಣ ಚರ್ಚೆಯಾಯಿತು. ಕೊನೆಗೆ ಅತಿಥಿಗಳೇ ಬಗ್ಗಿ ನೋಡಿದರು. "ಇದು ಎಮ್ಮೆ ಗಂಟು. ಯಾವನೋ ಹಾಕಿದ್ದು?" ಅಂದರು. ಎರಡು ಬೆರಳಲ್ಲಿ ಎಲ್ಲೋ ಒತ್ತಿದರು. ಬಿಚ್ಚಿಕೊಂಡಿತು. ಅವರ ಮನೆಯಲ್ಲಿ ನಾಲ್ಕು ಎಮ್ಮೆ ಇದ್ದವು.

ಹೂವೆಲ್ಲ ಅವರ ಚಪ್ಪಲಿಯ ಮೇಲೆ ಬಿತ್ತು. ಮತ್ತೆ ಮಡಿಚುವ ಧೈರ್ಯ ಯಾರಿಗೂ ಇರಲಿಲ್ಲ. ಬಾವುಟವನ್ನು ಕೆಳಗಿಂದಲೇ ಎಳೆದು ಏರಿಸಿದರು. ಎರಡನೇ ಸಲ ಹಾಡಿದೆವು. ನಾನು ಒಬ್ಬನೇ ಎರಡನೇ ಸಲವೂ ಖುಷಿಯಿಂದ ಹಾಡಿದೆ. ಆಮೇಲೆ ಮೇಷ್ಟ್ರು ಎಡಗೈಯಲ್ಲಿ ಕಿವಿ ಹಿಂಡಿದರು. ಎಡಗೈ ಆದ್ದರಿಂದ ಅಷ್ಟೇನೂ ನೋಯಲಿಲ್ಲ. ಲಾಡು ಕೊಟ್ಟರು.

ಈಗ ಪ್ರತಿ ವರ್ಷ ಫೋನಿಗೆ ಒಂದು ಮೆಸೇಜು ಬರುತ್ತದೆ. ಆಗಸ್ಟ್ 15ಕ್ಕೆ ಬಾವುಟವನ್ನು ಕೆಳಗಿಂದ ಏರಿಸಬೇಕು, ಜನವರಿ 26ಕ್ಕೆ ಮೇಲೆ ಕಟ್ಟಿದ್ದನ್ನು ಬಿಡಿಸಬೇಕು, ನಿಮಗೆ ಗೊತ್ತಿತ್ತೇ ಅಂತ. ಗೊತ್ತಿತ್ತು ಮಹಾರಾಯ. ಒಂದೇ ವರ್ಷದಲ್ಲಿ ಹನ್ನೊಂದು ಜನ ಕಳಿಸಿದ್ದೀರಿ. ಅದೂ ಆ ಎರಡು ವಿಧಾನವನ್ನೂ ಒಂದೇ ಬೆಳಿಗ್ಗೆ ಮಾಡಿ ತೋರಿಸಿದವನಿಗೆ. ಕಳಿಸುವವರು ಯಾರೂ ಬೆಳಿಗ್ಗೆ ಕಂಬದ ಹತ್ತಿರ ಕಾಣಿಸುವುದಿಲ್ಲ ಅನ್ನೋದು ಬೇರೆ ಮಾತು.

ಕಾಣಿಸುವವರು ಸ್ವಲ್ಪ ಜನ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೂರಾ ಇಪ್ಪತ್ತು ಮನೆ, ಬಾವುಟದ ಕೆಳಗೆ ಇಪ್ಪತ್ತು ಜನ, ತಿಂಡಿಯ ಹತ್ತಿರ ತೊಂಬತ್ತು. ನಾನು ಪ್ರತಿ ಸಲ ಹೋಗುತ್ತೇನೆ. ಪ್ರತಿ ಸಲ ಯಾಕಾದರೂ ಬಂದೆನೋ ಅಂದುಕೊಳ್ಳುತ್ತೇನೆ. ಭಾಷಣ ಮಾಡುವವರು ತ್ಯಾಗ ಅಂದಾಗಲೆಲ್ಲ ನೀರಿನ ಟ್ಯಾಂಕರಿನ ಬಾಕಿ ಹಣಕ್ಕೆ ಬರುತ್ತಾರೆ. ಕಾರಿನ ಮುಂದೆ ಅಂಗೈಯಷ್ಟು ಪ್ಲಾಸ್ಟಿಕ್ ಬಾವುಟ ಸಿಕ್ಕಿಸಿಕೊಂಡವರು ಹದಿನಾರನೇ ತಾರೀಕು ಅದನ್ನು ಏನು ಮಾಡುತ್ತಾರೆ ಅಂತ ನಮ್ಮ ಗುಡಿಸುವ ಹೆಂಗಸನ್ನು ಕೇಳಿ. ಧಾರವಾಡದ ಹತ್ತಿರ ಗರಗದಲ್ಲಿ ಬಾವುಟಕ್ಕೆಂದೇ ಖಾದಿ ನೇಯುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಒಂದೊಂದು ಹೊಲಿಗೆ ಅಳತೆ ನೋಡಿ ಹೊಲಿಯುತ್ತಾರೆ. 2021ರ ಕೊನೆಗೆ ನಿಯಮ ಬದಲಿಸಿ ಪಾಲಿಯೆಸ್ಟರ್ ಕೂಡ ಆಗಬಹುದು ಅಂದರು. ನಮ್ಮ ಅಪಾರ್ಟ್‌ಮೆಂಟಿನವರು ಮರುವರ್ಷವೇ ಪಾಲಿಯೆಸ್ಟರಿಗೆ ಬದಲಾದರು. ಕೇಳಿದರೆ ಒಗೆಯೋಕೆ ಸುಲಭ ಅಂತಾರೆ. ಬಾವುಟವನ್ನು ಯಾರು ಒಗೆಯುತ್ತಾರೆ?

ಇದೇ ಗೊಣಗಾಟವನ್ನು ಕಲಬುರಗಿ ಕಡೆಯ ಗೆಳೆಯನೊಬ್ಬನ ಹತ್ತಿರ ಮಾಡಿದೆ. ಅವನು, "ನಿಮಗೇನ್ರಿ, ಒಂದೇ ದಿನ. ನಮಗ ಎರಡೆರಡು" ಅಂದ. ನಿಜ. 1947ರ ಆಗಸ್ಟ್ 15ರಂದು ಅವರ ಊರು ನಿಜಾಮನ ಕೈಯಲ್ಲಿತ್ತು. ಅವತ್ತು ಅಲ್ಲಿ ತ್ರಿವರ್ಣ ಹಾರಿಸಲು ಹೋದವರಿಗೆ ಜೈಲು ಕಾದಿತ್ತು. ಅವರಿಗೆ ಬಿಡುಗಡೆ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. ಒಂದು ವರ್ಷ, ಮೇಲೊಂದು ತಿಂಗಳು. ನಮ್ಮ ಹಳೇ ಮೈಸೂರಿನವರೂ ಬೀಗುವ ಹಾಗಿಲ್ಲ. ಮಹಾರಾಜರು ಆಗಸ್ಟಿನಲ್ಲೇ ಭಾರತಕ್ಕೆ ಸೇರಲು ಸಹಿ ಹಾಕಿದ್ದರು, ಆದರೆ ಜನರ ಸರ್ಕಾರ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಸ್ವಾತಂತ್ರ್ಯಕ್ಕಾಗಿ ಮೈಸೂರು ಚಲೋ ಮಾಡಬೇಕಾಯಿತು. ಅಕ್ಟೋಬರ್ 24ಕ್ಕೆ ಅದು ಸಿಕ್ಕಿತು. ಹೀಗೆ ನೋಡಿದರೆ ಆಗಸ್ಟ್ 15 ಅನ್ನೋದು ಕೂಡ ಅನುಕೂಲಕ್ಕೆ ಇಟ್ಟುಕೊಂಡ ಒಂದು ಗಂಟು.

ಇಲ್ಲ, ಈ ಮಾತು ಸರಿಬರಲಿಲ್ಲ. ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟ ಏರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತರು. ಅಲ್ಲಿ ಸತ್ತವರ ನೆನಪಿಗೆ ಕಟ್ಟಿದ ಸ್ತೂಪ ಇದೆ. ನಾನು ಒಮ್ಮೆ ಹೋಗಿದ್ದೆ, ಅದೂ ರಜೆ ಇದ್ದ ದಿನ ನೋಡಿಕೊಂಡು. ಅದು ನೆನಪಿದ್ದಾಗ ಎಮ್ಮೆ ಗಂಟಿನ ಕಥೆ ಹೇಳಿ ನಗಿಸಲು ಬಾಯಿ ಬರುವುದಿಲ್ಲ. ಮರೆತಾಗ ಹೇಳುತ್ತೇನೆ. ಜಾಸ್ತಿ ಹೊತ್ತು ಮರೆತೇ ಇರುತ್ತೇನೆ.

ಅಣ್ಣನ ಮಗಳು ಎಲ್ಲ ಕೇಳಿಸಿಕೊಂಡಳು, ಅಥವಾ ಹಾಗೆ ಕಾಣಿಸಿದಳು. ಆಮೇಲೆ, "ಜನವರಿಗೆ ನಾಲ್ಕು ದಿನ ಎಲ್ಲಾದ್ರೂ ಹೋಗೋಣ, ನೀವೂ ಬನ್ನಿ ಚಿಕ್ಕಪ್ಪ" ಅಂದಳು.

"26ಕ್ಕೆ ನಾನು ಇಲ್ಲೇ ಇರಬೇಕು. ಬಾವುಟ ಇದೆ."

"ಅಲ್ಲಿ ನಿಮಗೇನು ಕೆಲಸ?"

ಕೆಲಸ ಏನಿಲ್ಲ. ಹಿಂದಿನ ಸಾಲಿನಲ್ಲಿ ನಿಂತುಕೊಳ್ಳುತ್ತೇನೆ. ಎಲ್ಲರೂ ಅತಿಥಿಯ ಕೈ ನೋಡುತ್ತಾರೆ, ನಾನು ಕಂಬದ ತುದಿಯ ಗಂಟು ನೋಡುತ್ತೇನೆ. ಅದು ಬಿಚ್ಚಿಕೊಂಡು ಹೂ ಉದುರುವ ತನಕ ಉಸಿರು ಮೇಲಕ್ಕೇ ನಿಂತಿರುತ್ತದೆ. ಬಿಚ್ಚಿದ ಮೇಲೆ ಕಣ್ಣಲ್ಲಿ ನೀರೂ ಬರುತ್ತದೆ. ಪಕ್ಕದ ಮನೆಯವರು ಅದನ್ನು ದೇಶಭಕ್ತಿ ಅಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಇದನ್ನೆಲ್ಲ ಅವಳಿಗೆ ಹೇಳುವಷ್ಟರಲ್ಲಿ ಅವಳ ಬೆರಳು ಮುಂದಕ್ಕೆ ಹೋಗಿತ್ತು. "2028ರಲ್ಲಿ ಆಗಸ್ಟ್ 15 ಮಂಗಳವಾರ" ಅಂದಳು.

"ಹಾಗಾದ್ರೆ ಅಕ್ಟೋಬರ್ 2 ಸೋಮವಾರ" ಅಂದೆ. "ಮೂರು ದಿನ ಸಿಗತ್ತೆ."